ಇಂಗ್ಲಿಷ್ ಪ್ರಿಪೊಸಿಷನ್ನುಗಳ ಪೂರ್ವಕಥೆ

ನಮ್ಮ ಮನೆಯ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯೊಂದರಲ್ಲಿ ನನ್ನ ಅಜ್ಜನವರು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಬರೆದಿಟ್ಟುಕೊಂಡಿದ್ದ ಒಂದು ನೋಟುಪುಸ್ತಕವುಂಟು. ಪುಟಪುಟಕ್ಕೂ ನಡುವೆ ಗೆರೆಯೆಳೆದು ಎರಡು ಪಾಲು ಮಾಡಿದೆ. ಎಡಗಡೆ ಒಂದೊಂದು ಇಂಗ್ಲಿಷ್ ಶಬ್ದ. ಬಲಗಡೆ ಅದರ ಬೆನ್ನಿಗೆ ಬರಬೇಕಾದ ಪ್ರಿಪೊಸಿಷನ್. 'ಅಕ್ಯೂಸ್' ಎಂಬುದರ ಎದುರಿಗೆ 'ಆಫ್'. 'ಬ್ಲೇಮ್' ಎಂಬುದರ ಎದುರಿಗೆ 'ಫಾರ್'. 'ಚಾರ್ಜ್' ಎಂಬುದರ ಎದುರಿಗೆ 'ವಿತ್'. ಹೀಗೆ ಇಪ್ಪತ್ತೆಂಟು ಪುಟ. ಅಮರಕೋಶವನ್ನು ಕಂಠಪಾಠ ಮಾಡುವ ಮನೆಯಲ್ಲಿ ಹುಟ್ಟಿದವರು ಇದನ್ನೂ ಅದೇ ರಾಗದಲ್ಲಿ ಕಂಠಪಾಠ ಮಾಡಿದರಂತೆ. ಮೂರು ಶಬ್ದಗಳಿಗೂ ತಪ್ಪು ಹೊರಿಸುವುದೆಂಬ ಒಂದೇ ಅರ್ಥವಿರುವಾಗ ಮೂರು ಬಗೆಯ ಬಾಲವೇಕೆ ಎಂದು ಉಪಾಧ್ಯಾಯರನ್ನು ಕೇಳಿದ್ದಕ್ಕೆ, "ಅದು ಹಾಗೆಯೇ, ಕೂತುಕೋ" ಎಂಬ ಉತ್ತರವು ಬಂದಿತೆಂದು ಅವರು ಮುದಿತನದಲ್ಲಿಯೂ ಹೇಳಿಕೊಂಡು ನಗುತ್ತಿದ್ದರು.

ಆ ಉತ್ತರವು ತಪ್ಪಲ್ಲ. ಆದರೆ ಅದು ಹಾಗೆ ಆದದ್ದು ಹೇಗೆ ಎಂಬುದಕ್ಕೆ ಸಾವಿರ ವರ್ಷಗಳ ಚರಿತ್ರೆಯಿದೆ. ಈ ಚರಿತ್ರೆಯನ್ನು ತಿಳಿದವರಿಗೆ ಪಟ್ಟಿಯು ಬೇಗ ಬಾಯಿಗೆ ಬರುವುದೆಂದು ನಾನು ಹೇಳಲಾರೆ. ಆದರೆ ತಪ್ಪಿದಾಗ ತಾವು ಬುದ್ಧಿಯಿಲ್ಲದವರೆಂದು ಕುಗ್ಗಬೇಕಾದ ಕಾರಣವಿಲ್ಲವೆಂಬುದು ಅವರಿಗೆ ತಿಳಿಯುವುದು. ನಮ್ಮ ಎಷ್ಟೋ ಮನೆಗಳಲ್ಲಿ ಒಂದು 'ಇನ್' ಅಥವಾ 'ಆನ್' ತಪ್ಪಿದ ಅರ್ಜಿಯಿಂದ ಕೆಲಸ ಕಳೆದುಕೊಂಡವರ ಕಥೆಗಳಿರುವುದರಿಂದ ಇಷ್ಟನ್ನು ಮೊದಲೇ ಹೇಳುವುದು ಯುಕ್ತವೆಂದು ತೋರಿತು.

ಹೆಸರಿನ ವಿಚಾರವಾಗಿ ಒಂದು ಮಾತು. 'ಪ್ರಿಪೊಸಿಷನ್' ಎಂಬುದು ಲ್ಯಾಟಿನ್ ಪದ. ಮುಂದೆ ಇಟ್ಟದ್ದು ಎಂದು ಅದರ ಅರ್ಥ. ಗ್ರೀಕ್ ವೈಯಾಕರಣರ ಸಂಜ್ಞೆಯೊಂದನ್ನು ರೋಮಿನವರು ಹಾಗೆ ಭಾಷಾಂತರಿಸಿಕೊಂಡರು. ನಮ್ಮಲ್ಲಿ ಕೆಲವರು ಇದನ್ನು ಉಪಸರ್ಗವೆಂದು ಕರೆದಿದ್ದಾರೆ. ಸಂಸ್ಕೃತದ ಉಪಸರ್ಗವು ಧಾತುವಿಗೆ ಅಂಟಿಕೊಳ್ಳುವುದು, ನಾಮಪದದ ಮುಂದೆ ನಿಲ್ಲುವುದಲ್ಲ. ನಾಮಪದದ ವಿಭಕ್ತಿಯನ್ನು ಆಳುವ ಇಂಥ ಅವ್ಯಯಗಳಿಗೆ ಪಾಣಿನಿಯು ಕರ್ಮಪ್ರವಚನೀಯವೆಂಬ ಬೇರೊಂದು ಹೆಸರನ್ನು ಕೊಟ್ಟಿದ್ದಾನೆ. ಆದರೂ ವಂಶದಿಂದ ನೋಡಿದರೆ ಇವೆಲ್ಲವೂ ದಾಯಾದಿಗಳೇ. ವೇದಭಾಷೆಯಲ್ಲಿ ಉಪಸರ್ಗವು ಕ್ರಿಯಾಪದವನ್ನು ಬಿಟ್ಟು ದೂರ ನಿಲ್ಲುವುದೂ ಉಂಟು. ಇಂಗ್ಲಿಷಿನ 'ಓವರ್' ಎಂಬುದೂ ನಮ್ಮ 'ಉಪರಿ' ಎಂಬುದೂ ಒಂದೇ ಮೂಲದಿಂದ ಬಂದವು. ಕನ್ನಡಕ್ಕೆ ಈ ಪದಾರ್ಥವೇ ಇಲ್ಲದ್ದರಿಂದ ನಾನು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಳ್ಳುತ್ತೇನೆ.

ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ವಿಭಕ್ತಿ. ಕ್ರಿ.ಶ. ೧೨೬೦ರ ಸುಮಾರಿನ ಕೇಶಿರಾಜನ ಶಬ್ದಮಣಿದರ್ಪಣದಿಂದ ಇಂದಿನ ಶಾಲಾಪುಸ್ತಕದವರೆಗೆ ನಾವು ಕಲಿಯುವುದು ಏಳು ವಿಭಕ್ತಿ, ಅಷ್ಟೆ. 'ಮೇಲೆ', 'ಕೆಳಗೆ', 'ಒಳಗೆ' ಮೊದಲಾದುವು ಸ್ಥಳವಾಚಕ ಶಬ್ದಗಳು; ಅವು ನಾಮಪದದ ಹಿಂದೆ ನಡೆಯುವುವೇ ಹೊರತು ಮುಂದೆ ಬರುವುದಿಲ್ಲ. ಹೀಗೆ ಸಾಧನಗಳು ಕಡಿಮೆಯಿರುವುದರಿಂದ ಒಂದೊಂದು ಪ್ರತ್ಯಯದ ಹೆಗಲ ಮೇಲೆಯೂ ಹೊರೆ ಹೆಚ್ಚು. ಚತುರ್ಥಿಯ 'ಗೆ' ಎಂಬುದೊಂದನ್ನೇ ನೋಡಬಹುದು. ಮೈಸೂರಿಗೆ ಹೋದನು ಎಂಬಲ್ಲಿ ಇಂಗ್ಲಿಷಿನವನು 'ಟು' ಎನ್ನುವನು. ಮಗುವಿಗೆ ಹಾಲು ಎಂಬಲ್ಲಿ 'ಫಾರ್'. ಐದು ಗಂಟೆಗೆ ಬಂದನು ಎಂಬಲ್ಲಿ 'ಅಟ್'. ಹಾವಿಗೆ ಹೆದರಿದನು ಎಂಬಲ್ಲಿ 'ಆಫ್'. ಚಳಿಗೆ ನಡುಗಿದನು ಎಂಬಲ್ಲಿ 'ವಿತ್'. ಬಿಸಿಲಿಗೆ ಒಣಗಿಸಿದಳು ಎಂಬಲ್ಲಿ 'ಇನ್'. ನಮಗೆ ಒಂದಾಗಿ ಕಾಣುವ ಸಂಬಂಧವು ಅವನಿಗೆ ಆರಾಗಿ ಒಡೆಯುತ್ತದೆ. ಅವನ ಆರರಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕೆ ನಮ್ಮ ಕಿವಿಯು ಸಾಕ್ಷಿ ಹೇಳಲಾರದು. ಕಷ್ಟದ ಬೇರು ಇಲ್ಲಿದೆ.

ಆದರೆ ಇಂಗ್ಲಿಷೂ ಒಂದು ಕಾಲದಲ್ಲಿ ವಿಭಕ್ತಿಗಳ ಭಾಷೆಯಾಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಆಲ್ಫ್ರೆಡ್ ರಾಜನು ಬರೆಯಿಸಿದ ಇಂಗ್ಲಿಷಿನಲ್ಲಿ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಎಂಬ ನಾಲ್ಕು ವಿಭಕ್ತಿಗಳು ಜೀವಂತವಾಗಿದ್ದುವು. ತೃತೀಯೆಯ ಕುರುಹೂ ಅಲ್ಲಲ್ಲಿ ಉಳಿದಿತ್ತು. ಕಲ್ಲು ಎಂಬರ್ಥದ 'ಸ್ತಾನ್' ಎಂಬ ಶಬ್ದವು ಷಷ್ಠಿಯಲ್ಲಿ 'ಸ್ತಾನೆಸ್', ಚತುರ್ಥಿಯಲ್ಲಿ 'ಸ್ತಾನೆ', ಬಹುವಚನದ ಚತುರ್ಥಿಯಲ್ಲಿ 'ಸ್ತಾನುಮ್' ಎಂದು ರೂಪಗಳನ್ನು ತಾಳುತ್ತಿತ್ತು. ಪ್ರಿಪೊಸಿಷನ್ನುಗಳು ಆಗಲೂ ಇದ್ದುವು. ಆದರೆ ಅವು ವಿಭಕ್ತಿಯ ಸಹಾಯಕ್ಕೆ ನಿಂತ ಊಳಿಗದವರು, ಯಜಮಾನಿಕೆ ವಿಭಕ್ತಿಯದು.

ಈ ಯಜಮಾನಿಕೆ ಹಾಳಾದದ್ದು ಒಂದೇ ಕಾರಣದಿಂದಲ್ಲ. ಶಬ್ದದ ಮೊದಲನೆಯ ಭಾಗದ ಮೇಲೆ ಒತ್ತು ಕೊಡುವ ಆ ಜನರ ಬಾಯಲ್ಲಿ ಕೊನೆಯ ಸ್ವರಗಳು ಸವೆಯುತ್ತ ಬಂದುವು. ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲಸಿದ ಡೇನರ ಭಾಷೆಯಲ್ಲಿ ಶಬ್ದಗಳ ಮೊದಲು ಹೆಚ್ಚುಕಡಿಮೆ ಇಂಗ್ಲಿಷಿನಂತೆಯೇ ಇದ್ದು ಕೊನೆ ಮಾತ್ರ ಬೇರೆಯಾಗಿತ್ತು. ಎರಡು ಜನವೂ ಸಂತೆಯಲ್ಲಿ ಮಾತನಾಡುವಾಗ ಅರ್ಥವನ್ನು ಕೆಡಿಸುತ್ತಿದ್ದುದು ಆ ಕೊನೆಯೇ ಆದುದರಿಂದ ಅದನ್ನು ನುಂಗಿ ಮಾತನಾಡಿದರೆಂದು ಪಂಡಿತರು ಊಹಿಸುತ್ತಾರೆ. ೧೦೬೬ರಲ್ಲಿ ನಾರ್ಮನರು ದೇಶವನ್ನು ಗೆದ್ದ ಮೇಲೆ ಅರಮನೆಯ ಭಾಷೆ ಫ್ರೆಂಚಾಯಿತು. ಇಂಗ್ಲಿಷಿಗೆ ಹಳೆಯ ಬರವಣಿಗೆಯ ಬಿಗಿ ತಪ್ಪಿತು. ಪೀಟರ್‌ಬರೋ ಎಂಬಲ್ಲಿನ ಕ್ರೈಸ್ತ ಮಠದಲ್ಲಿ ೧೧೫೪ರವರೆಗೆ ಬರೆದುಕೊಂಡು ಬಂದ ವೃತ್ತಾಂತದ ಕೊನೆಯ ಭಾಗಗಳಲ್ಲಿ ಹಳೆಯ ವಿಭಕ್ತಿರೂಪಗಳು ಕುಸಿದುಬೀಳುತ್ತಿರುವುದನ್ನು ವರ್ಷವರ್ಷದ ಬರಹದಲ್ಲಿಯೂ ಕಾಣಬಹುದು. ಕಂಬವು ಬಿದ್ದ ಮೇಲೆ ಭಾರವನ್ನು ಹೊರುವವರು ಬೇಕಷ್ಟೆ. ಆ ಭಾರವು ಪ್ರಿಪೊಸಿಷನ್ನುಗಳ ಮೇಲೆ ಬಿದ್ದಿತು. ಇಂದು ಹಳೆಯ ವೈಭವದಿಂದ ನಾಮಪದಗಳಲ್ಲಿ ಉಳಿದಿರುವುದು ಷಷ್ಠಿಯ ಒಂದು 'ಸ್' ಮಾತ್ರ.

ಊಳಿಗದವರು ಯಜಮಾನರಾದಾಗ ಆಗುವ ಗೊಂದಲವೆಲ್ಲವೂ ಇಲ್ಲಿ ಆಯಿತು. 'ವಿತ್' ಎಂಬುದರ ಕಥೆ ಬಲು ಸೊಗಸಾದುದು. ಹಳೆಯ ಇಂಗ್ಲಿಷಿನಲ್ಲಿ 'ಒಡನೆ' ಎಂಬ ಅರ್ಥಕ್ಕೆ ಇದ್ದ ಪದ 'ಮಿದ್'. ಜರ್ಮನರು ಇಂದಿಗೂ ಅದನ್ನು 'ಮಿತ್' ಎಂದು ಬಳಸುತ್ತಾರೆ. 'ವಿತ್' ಎಂಬುದಕ್ಕೆ ಇದ್ದ ಮುಖ್ಯಾರ್ಥ 'ಎದುರಾಗಿ' ಎಂದು. ಕಾಲಕ್ರಮದಲ್ಲಿ 'ವಿತ್' ಎಂಬುದು 'ಮಿದ್' ಎಂಬುದನ್ನು ಹೊರಗಟ್ಟಿ ಅದರ ಮನೆಯಲ್ಲಿ ತಾನು ಸೇರಿಕೊಂಡಿತು. ಹೆರಿಗೆ ಮಾಡಿಸುವ ಸೂಲಗಿತ್ತಿಗೆ ಇಂಗ್ಲಿಷಿನಲ್ಲಿ 'ಮಿಡ್‌ವೈಫ್' ಎನ್ನುವರು, ಹೆರುವವಳ ಒಡನೆ ಇರುವ ಹೆಂಗಸು ಎಂದು. ಓಡಿಹೋದ 'ಮಿದ್' ಆ ಒಂದು ಶಬ್ದದಲ್ಲಿ ಅಡಗಿಕೊಂಡಿದೆ. ಹಾಗೆಯೇ 'ವಿತ್' ಎಂಬುದರ ಹಳೆಯ ವೈರವು 'ವಿತ್‌ಸ್ಟ್ಯಾಂಡ್' ಎಂಬಲ್ಲಿ ಉಳಿದಿದೆ. ಫ್ರಾನ್ಸಿನವರ 'ವಿತ್' ಯುದ್ಧಮಾಡಿದರೆಂದು ಚರಿತ್ರೆಯ ಪುಸ್ತಕದಲ್ಲಿ ಓದಿದ ಹುಡುಗನು ಅವರು ಫ್ರಾನ್ಸಿಗೆ ಎದುರಾಗಿ ನಿಂತರೋ ಫ್ರಾನ್ಸಿನ ಪಕ್ಕದಲ್ಲಿ ನಿಂತರೋ ಎಂದು ತಬ್ಬಿಬ್ಬಾದರೆ ತಪ್ಪು ಅವನದಲ್ಲ. ಎರಡು ಅರ್ಥಗಳೂ ನಿಜ.

'ಆಫ್' ಎಂಬುದಂತೂ ಎರಡಾಗಿ ಸೀಳಿತು. ಮೊದಲು ಒಂದೇ ಪದವಿದ್ದು 'ಅಲ್ಲಿಂದ, ದೂರಕ್ಕೆ' ಎಂಬರ್ಥವನ್ನು ಕೊಡುತ್ತಿತ್ತು. ಒತ್ತಿ ಹೇಳಿದಾಗ ಒಂದು ರೂಪ, ತೇಲಿಸಿ ಹೇಳಿದಾಗ ಇನ್ನೊಂದು ರೂಪವಾಗಿ, ಹದಿನೇಳನೆಯ ಶತಮಾನದ ಹೊತ್ತಿಗೆ ಒಂದು 'ಎಫ್' ಅಕ್ಷರವುಳ್ಳದ್ದೊಂದು, ಎರಡು 'ಎಫ್' ಉಳ್ಳದ್ದೊಂದು ಎಂದು ಬರವಣಿಗೆಯಲ್ಲಿಯೂ ಬೇರೆಯಾದುವು. ಒಂದು ಅಕ್ಷರದ್ದು ಫ್ರೆಂಚಿನ 'ದ' ಎಂಬುದರ ಮೇಲ್ಪಂಕ್ತಿಯನ್ನು ಹಿಡಿದು ಷಷ್ಠೀ ವಿಭಕ್ತಿಯ ಬಹುಭಾಗವನ್ನು ವಶಪಡಿಸಿಕೊಂಡಿತು. ಫ್ರೆಂಚರು 'ಅಕ್ಯೂಸ್' ಎಂಬ ಧಾತುವಿನೊಡನೆ 'ದ' ಎನ್ನುತ್ತಾರೆ. ಅಲ್ಲಿಂದ ಕಡತಂದ ಶಬ್ದಕ್ಕೆ ಇಂಗ್ಲಿಷಿನಲ್ಲಿ 'ಆಫ್' ಅಂಟಿಕೊಂಡುದು ಅಸಂಗತವಲ್ಲ. ಅಜ್ಜನವರ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿ ಸಿಕ್ಕಿತು.

ಕರ್ಮಣಿಪ್ರಯೋಗದಲ್ಲಿ ಕರ್ತೃವನ್ನು ಸೂಚಿಸುವ 'ಬೈ' ಎಂಬುದಕ್ಕೆ ಮೂಲಾರ್ಥ 'ಹತ್ತಿರ'. ಇಂದು 'ಬೈ' ಎಂದು ಕಣ್ಣುಮುಚ್ಚಿ ಬರೆಯುವಲ್ಲಿ ೧೬೧೧ರ ಪ್ರಸಿದ್ಧವಾದ ಬೈಬಲ್ ಭಾಷಾಂತರವು ಎಷ್ಟೋ ಕಡೆ 'ಆಫ್' ಎಂದು ಬರೆದಿದೆ. ಷೇಕ್ಸ್‌ಪಿಯರನು 'ದಿ ಟೆಂಪೆಸ್ಟ್' ನಾಟಕದಲ್ಲಿ ನಾವು 'ಆಫ್' ಎನ್ನುವಲ್ಲಿ 'ಆನ್' ಎಂದಿದ್ದಾನೆ; 'ಹ್ಯಾಮ್ಲೆಟ್' ನಾಟಕದಲ್ಲಿ ಮದುವೆಯಾಗುವುದೆಂಬ ಧಾತುವಿಗೆ 'ವಿತ್' ಎಂದು ಸೇರಿಸಿದ್ದಾನೆ. ಈ ಕೊನೆಯದನ್ನು ವಾಚಕರು ನೆನಪಿನಲ್ಲಿಡಬೇಕು. ಅವನೊಡನೆ ಮದುವೆ ಎಂಬ ಕನ್ನಡದ ಜಾಡನ್ನು ಹಿಡಿದು ನಮ್ಮ ಹುಡುಗಿಯರು 'ಮ್ಯಾರೀಡ್ ವಿತ್' ಎಂದು ಬರೆದರೆ ಅದಕ್ಕೆ ಕೆಂಪು ಶಾಯಿಯ ಗೆರೆ ಬೀಳುವುದು ನಿಶ್ಚಯ. ಷೇಕ್ಸ್‌ಪಿಯರನ ಹೆಸರನ್ನು ಹೇಳಿದರೂ ಅಂಕವು ಹಿಂದಕ್ಕೆ ಬರುವುದಿಲ್ಲ.

ಇಷ್ಟರವರೆಗೆ ಇಂಗ್ಲಿಷ್ ಜನರು ಯಾರ ಅಪ್ಪಣೆಯನ್ನೂ ಕೇಳದೆ ತಮ್ಮ ಪ್ರಿಪೊಸಿಷನ್ನುಗಳನ್ನು ಬಳಸಿಕೊಂಡು ಬಂದರು. ಸರಿತಪ್ಪುಗಳ ನ್ಯಾಯಸ್ಥಾನವು ಕುಳಿತದ್ದು ಆ ಮೇಲೆ. ಅದರ ಮೊದಲನೆಯ ನ್ಯಾಯಾಧೀಶರಲ್ಲಿ ಪ್ರಸಿದ್ಧನಾದವನು ಜಾನ್ ಡ್ರೈಡನ್ ಕವಿ. ೧೬೬೮ರಲ್ಲಿ ಆಸ್ಥಾನಕವಿಯಾದ ಈತನು ೧೬೭೨ರಲ್ಲಿ ಅಚ್ಚಾದ ತನ್ನ 'ಗ್ರನಾಡಾ ವಿಜಯ' ನಾಟಕದ ಜೊತೆಗೆ ಒಂದು ಪ್ರಬಂಧವನ್ನು ಬರೆದು, ಹಿಂದಿನ ತಲೆಮಾರಿನ ನಾಟಕಕಾರರ ಭಾಷಾದೋಷಗಳನ್ನು ಎತ್ತಿ ಆಡಿದನು. ಬೆನ್ ಜಾನ್ಸನ್ ೧೬೧೧ರಲ್ಲಿ ಬರೆದ 'ಕ್ಯಾಟಿಲೈನ್' ನಾಟಕದ ಒಂದು ಸಾಲು 'ಫ್ರಮ್' ಎಂಬ ಪದದಿಂದ ಮುಗಿಯುತ್ತದೆ. ಪ್ರಿಪೊಸಿಷನ್ನನ್ನು ವಾಕ್ಯದ ಕೊನೆಗೆ ಎಸೆಯುವುದು ಅವನಲ್ಲಿ ಪದೇ ಪದೇ ಕಾಣುವ ದೋಷವೆಂದು ಡ್ರೈಡನನ ತೀರ್ಪು. ಈ ದೋಷವನ್ನು ಇತ್ತೀಚೆಗೆ ತನ್ನ ಬರಹದಲ್ಲಿಯೂ ಕಂಡೆನೆಂದು ಆತನು ಒಪ್ಪಿಕೊಂಡನು. ಒಪ್ಪಿಕೊಂಡು ಸುಮ್ಮನಾಗಲಿಲ್ಲ. ೧೬೬೮ರಲ್ಲಿ ಪ್ರಕಟಿಸಿದ್ದ ತನ್ನ ನಾಟಕಕಾವ್ಯ ವಿಚಾರದ ಗ್ರಂಥವನ್ನು ೧೬೮೪ರಲ್ಲಿ ಮತ್ತೆ ಅಚ್ಚು ಹಾಕಿಸಿದಾಗ, ಕೊನೆಯಲ್ಲಿ ಬಿದ್ದಿದ್ದ ಪ್ರಿಪೊಸಿಷನ್ನುಗಳನ್ನು ಹುಡುಕಿ ಹುಡುಕಿ ಮುಂದಕ್ಕೆ ತಂದಿಟ್ಟನು. ದೊಡ್ಡ ಗದ್ಯಕಾರನೊಬ್ಬನು ಚೆನ್ನಾಗಿದ್ದ ತನ್ನ ವಾಕ್ಯಗಳನ್ನು ಹೀಗೆ ತಿದ್ದಿ ಬಿಗಿಮಾಡಿಕೊಂಡುದನ್ನು ಕಂಡರೆ ಕನಿಕರವಾಗುತ್ತದೆ.

ಡ್ರೈಡನನ ಈ ನಿಯಮಕ್ಕೆ ಆಧಾರವೇನು? ಆತನು ಕಾರಣವನ್ನು ಅಲ್ಲಿ ಹೇಳಿಲ್ಲ. ಆದರೆ ೧೬೭೯ರಲ್ಲಿ ಮತ್ತೊಂದು ನಾಟಕದ ಅರ್ಪಣಪತ್ರಿಕೆಯಲ್ಲಿ, ತನ್ನ ಇಂಗ್ಲಿಷ್ ವಾಕ್ಯವು ಸರಿಯೋ ತಪ್ಪೋ ಎಂಬ ಸಂಶಯ ಬಂದಾಗ ಅದನ್ನು ಲ್ಯಾಟಿನ್ನಿಗೆ ತಿರುಗಿಸಿ ನೋಡುವುದುಂಟೆಂದು ಬರೆದಿದ್ದಾನೆ. ಗುಟ್ಟು ಹೊರಬಿದ್ದುದು ಇಲ್ಲಿ. ಲ್ಯಾಟಿನ್ನಿನಲ್ಲಿ ಪ್ರಿಪೊಸಿಷನ್ ವಾಕ್ಯದ ಕೊನೆಯಲ್ಲಿ ತಬ್ಬಲಿಯಾಗಿ ನಿಲ್ಲಲಾರದು. ಇಂಗ್ಲಿಷಿನಲ್ಲಿ ಹಾಗೆ ನಿಲ್ಲುವುದು ಆಲ್ಫ್ರೆಡನ ಕಾಲದಿಂದ ಬಂದ ಪದ್ಧತಿ. ಸಂಸ್ಕೃತದ ಅಳತೆಗೋಲನ್ನು ಹಿಡಿದು ಹಳಗನ್ನಡವನ್ನು ಅಳೆಯಹೊರಟ ಪಂಡಿತರನ್ನು ಬಲ್ಲ ನಮಗೆ ಈ ಕಥೆ ಹೊಸದೇನೂ ಅಲ್ಲ.

ಹದಿನೆಂಟನೆಯ ಶತಮಾನವು ವ್ಯಾಕರಣಗಳ ಶತಮಾನ. ೧೭೧೨ರಲ್ಲಿ ಜೊನಾಥನ್ ಸ್ವಿಫ್ಟನು ಇಂಗ್ಲಿಷನ್ನು ತಿದ್ದಿ ಸ್ಥಿರಗೊಳಿಸುವುದಕ್ಕೆ ಒಂದು ವಿದ್ವತ್ಸಭೆ ಬೇಕೆಂದು ಮಂತ್ರಿಗೆ ಬಹಿರಂಗಪತ್ರವನ್ನು ಬರೆದನು. ಸಭೆ ಹುಟ್ಟಲಿಲ್ಲ. ಸಭೆ ಮಾಡಬೇಕಾಗಿದ್ದ ಕೆಲಸವನ್ನು ಮನೆಯಲ್ಲಿ ಕುಳಿತ ಬಿಡಿ ಪಂಡಿತರು ವಹಿಸಿಕೊಂಡರು. ಅವರಲ್ಲಿ ಮುಖ್ಯನು ರಾಬರ್ಟ್ ಲೌತ್. ಈತನನ್ನು ಪುಸ್ತಕಗಳು ಬಿಷಪ್ ಲೌತ್ ಎಂದೇ ಕರೆಯುವುವಾದರೂ ೧೭೬೨ರಲ್ಲಿ ತನ್ನ ಚಿಕ್ಕ ವ್ಯಾಕರಣವನ್ನು ಹೆಸರು ಹಾಕದೆ ಪ್ರಕಟಿಸಿದಾಗ ಇನ್ನೂ ಬಿಷಪ್ ಆಗಿರಲಿಲ್ಲ. ಹೀಬ್ರೂ ಕಾವ್ಯದ ಮೇಲೆ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಗಳನ್ನು ಕೊಟ್ಟ ರಸಿಕನೆಂದು ಹೆಸರಾಗಿದ್ದನು. ಅವನ ವ್ಯಾಕರಣದ ಸ್ವಾರಸ್ಯವೆಲ್ಲವೂ ಅಡಿಟಿಪ್ಪಣಿಗಳಲ್ಲಿದೆ. ದೊಡ್ಡ ದೊಡ್ಡ ಗ್ರಂಥಕಾರರ ವಾಕ್ಯಗಳನ್ನು ಹಿಡಿದು ತಂದು ಅಲ್ಲಿ ನಿಲ್ಲಿಸಿ, ಇವರು ಬಳಸಿದ ಪ್ರಿಪೊಸಿಷನ್ ಇದು, ಬಳಸಬೇಕಾದದ್ದು ಇದು ಎಂದು ತೋರಿಸಿದ್ದಾನೆ. ಭಾಷೆಯನ್ನು ತಿದ್ದಲು ಸಭೆ ಬೇಕೆಂದ ಸ್ವಿಫ್ಟನೇ ಅವನ ಕೈಗೆ ಮತ್ತೆ ಮತ್ತೆ ಸಿಕ್ಕಿಬಿದ್ದಿದ್ದಾನೆ. ಆನ್ ರಾಣಿಯ ಕೊನೆಯ ನಾಲ್ಕು ವರ್ಷಗಳ ಚರಿತ್ರೆಯನ್ನು ಬರೆಯುತ್ತ ಸ್ವಿಫ್ಟನು 'ಅಕ್ಯೂಸ್' ಎಂಬುದಕ್ಕೆ 'ಫಾರ್' ಎಂದು ಸೇರಿಸಿದನು. 'ಆಫ್' ಎಂದಿರಬೇಕೆಂದು ಲೌತ್ ತಿದ್ದಿದನು. ಬೆನ್ ಜಾನ್ಸನನನ್ನು ತಿದ್ದಿದ ಡ್ರೈಡನನೂ ತಪ್ಪಿಸಿಕೊಳ್ಳಲಿಲ್ಲ. ಅವನು 'ಇಂಟು' ಎಂದು ಬರೆದ ಕಡೆ 'ಟು' ಸರಿಯೆಂದು ಅಲ್ಲಿ ಬರೆದಿದೆ.

ಈಗ ಅಜ್ಜನವರ ಪ್ರಶ್ನೆಯ ಉಳಿದರ್ಧಕ್ಕೂ ಉತ್ತರವು ದೊರೆಯಿತೆನ್ನಬಹುದು. 'ಅಕ್ಯೂಸ್' ಎಂಬುದಕ್ಕೆ 'ಫಾರ್' ಎಂದು ಬರೆದರೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನ ಮಹಾಗದ್ಯಕಾರರಲ್ಲಿ ಒಬ್ಬನು ಹಾಗೆ ಬರೆದಿದ್ದಾನೆ. ಬಹುಜನರ ರೂಢಿಯು 'ಆಫ್' ಕಡೆಗಿತ್ತು; ಆ ರೂಢಿಗೆ ಒಬ್ಬ ಪಂಡಿತನು ಮುದ್ರೆಯೊತ್ತಿದನು; ಅಡಿಟಿಪ್ಪಣಿಯಲ್ಲಿದ್ದ ಮುದ್ರೆಯು ಮುಂದಿನವರ ಪುಸ್ತಕಗಳಲ್ಲಿ ಪಟ್ಟಿಯಾಗಿ ಬೆಳೆಯಿತು.

ವಾಕ್ಯದ ಕೊನೆಯಲ್ಲಿ ನಿಲ್ಲುವ ಪ್ರಿಪೊಸಿಷನ್ನಿನ ವಿಷಯದಲ್ಲಿ ಲೌತನು ಡ್ರೈಡನನಷ್ಟು ನಿಷ್ಠುರನಲ್ಲ. ನಮ್ಮ ಭಾಷೆಗೆ ಇದರ ಕಡೆಗೆ ಬಲವಾದ ಒಲವುಂಟು, ಮಾತಿನಲ್ಲಿಯೂ ಸಲಿಗೆಯ ಬರಹದಲ್ಲಿಯೂ ಇದು ಒಪ್ಪುತ್ತದೆ, ಗಂಭೀರಶೈಲಿಗೆ ಮಾತ್ರ ಮುಂದಿಡುವುದು ಮೇಲು ಎಂಬುದು ಅವನ ಅಭಿಪ್ರಾಯದ ಸಾರ. ಈ ಒಲವನ್ನು ಹೇಳುವ ವಾಕ್ಯವನ್ನೇ ಆತನು ಒಂದು ಪ್ರಿಪೊಸಿಷನ್ನಿನಿಂದ ಮುಗಿಸಿದ್ದಾನೆ. ಬೇಕೆಂದೇ ಮಾಡಿದ ವಿನೋದವೆಂದು ನನಗೆ ತೋರುತ್ತದೆ. ಮೂವತ್ತಮೂರು ವರ್ಷಗಳ ತರುವಾಯ, ೧೭೯೫ರಲ್ಲಿ, ಲಿಂಡ್ಲಿ ಮರೆ ಎಂಬವನು ಯಾರ್ಕ್ ಪಟ್ಟಣದ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ವ್ಯಾಕರಣವನ್ನು ಬರೆದನು. ಈತನು ಅಮೆರಿಕದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ವಕೀಲಿ ಮಾಡಿ ೧೭೮೪ರಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿದವನು. ಲೌತನ ಪುಸ್ತಕದಿಂದ ಧಾರಾಳವಾಗಿ ಎತ್ತಿಕೊಂಡ ಮರೆ ಈ ವಾಕ್ಯವನ್ನೂ ಎತ್ತಿಕೊಂಡನು. ಆದರೆ ಕೊನೆಯಲ್ಲಿದ್ದ ಪ್ರಿಪೊಸಿಷನ್ನನ್ನು ಮುಂದಕ್ಕೆ ತಂದು ವಾಕ್ಯವನ್ನು 'ಸರಿ' ಮಾಡಿಬಿಟ್ಟನು. ವಿನೋದವು ಹೋಯಿತು, ನಿಯಮವು ಉಳಿಯಿತು. ಮರೆಯ ಪುಸ್ತಕವು ಅಟ್ಲಾಂಟಿಕ್ ಸಮುದ್ರದ ಎರಡು ದಡಗಳಲ್ಲಿಯೂ ಲಕ್ಷಗಟ್ಟಲೆ ಖರ್ಚಾಗಿ, ಹತ್ತೊಂಬತ್ತನೆಯ ಶತಮಾನದ ಶಾಲಾವ್ಯಾಕರಣಗಳಿಗೆಲ್ಲ ಮೂಲಪುರುಷನಂತೆ ಆಯಿತು.

ಎದುರು ಪಕ್ಷದವರು ಇರಲಿಲ್ಲವೆಂದಲ್ಲ. ಮುಂದೆ ಆಮ್ಲಜನಕದ ಶೋಧದಿಂದ ಖ್ಯಾತನಾದ ಜೋಸೆಫ್ ಪ್ರೀಸ್ಟ್ಲಿ ೧೭೬೧ರಲ್ಲಿಯೇ ಒಂದು ವ್ಯಾಕರಣವನ್ನು ಬರೆದು, ಭಾಷೆಗೆ ರೂಢಿಯೇ ಪ್ರಮಾಣವೆಂದು ವಾದಿಸಿದನು. ೧೭೭೬ರಲ್ಲಿ ಜಾರ್ಜ್ ಕ್ಯಾಂಬೆಲ್ಲನು ಅದನ್ನೇ ಶಾಸ್ತ್ರೀಯವಾಗಿ ವಿಸ್ತರಿಸಿ, ಮಾನ್ಯರಾದವರ, ದೇಶವ್ಯಾಪಕವಾದ, ವರ್ತಮಾನಕಾಲದ ರೂಢಿಯೇ ಶಬ್ದದ ಸಾಧುತ್ವಕ್ಕೆ ಆಧಾರವೆಂದನು. ಶಾಲೆಯ ಉಪಾಧ್ಯಾಯರಿಗೆ ಬೇಕಾಗಿದ್ದುದು ವಾದವಲ್ಲ, ಪಟ್ಟಿ. ಆದುದರಿಂದ ಗೆದ್ದವನು ಮರೆ.

ಪಟ್ಟಿ ಮಾಡುವವರು ತರ್ಕವನ್ನು ಎಷ್ಟು ನಂಬಬಹುದೆಂಬುದಕ್ಕೆ 'ಡಿಫರೆಂಟ್' ಎಂಬ ಶಬ್ದವು ಸಾಕ್ಷಿ. ಅದರ ಮೊದಲಿಗಿರುವ ಲ್ಯಾಟಿನ್ ಉಪಸರ್ಗಕ್ಕೆ 'ಬೇರೆ' ಎಂಬರ್ಥವಿರುವುದರಿಂದ ಅದರ ಮುಂದೆ 'ಫ್ರಮ್' ಎಂದೇ ಬರಬೇಕು ಎಂದು ವಾದಿಸಿದರು. ಆದರೆ 'ಟು' ಎಂಬುದು ಹದಿನಾರನೆಯ ಶತಮಾನದಿಂದಲೂ, 'ದ್ಯಾನ್' ಎಂಬುದು ಹದಿನೇಳನೆಯ ಶತಮಾನದಿಂದಲೂ ಒಳ್ಳೆಯ ಲೇಖಕರಲ್ಲಿ ಬಂದಿವೆ. ಇಂದು ಮೊದಲನೆಯದು ಇಂಗ್ಲೆಂಡಿನಲ್ಲಿಯೂ ಎರಡನೆಯದು ಅಮೆರಿಕದಲ್ಲಿಯೂ ಹೆಚ್ಚು. ಅದಕ್ಕಿಂತ ಬೇರೆ ಎನ್ನುವ ಕನ್ನಡದವನು 'ದ್ಯಾನ್' ಎಂದು ಬರೆದರೆ ತಿಳಿಯದೆಯೇ ಅಮೆರಿಕದವನಾಗುತ್ತಾನೆ! ಒಲ್ಲದವನೆಂಬರ್ಥದ 'ಅವರ್ಸ್' ಎಂಬ ಶಬ್ದಕ್ಕೂ ಇದೇ ತರ್ಕವನ್ನು ಹೂಡಿದರು. ಅದು ಮುಖ ತಿರುಗಿಸಿಕೊಳ್ಳುವುದೆಂಬ ಧಾತುವಿನಿಂದ ಬಂದುದರಿಂದ 'ಫ್ರಮ್' ಸರಿ, 'ಟು' ಅಯುಕ್ತ ಎಂದು ಡಾಕ್ಟರ್ ಜಾನ್ಸನನೂ ೧೭೫೫ರ ತನ್ನ ನಿಘಂಟಿನಲ್ಲಿ ಬರೆದನು, ಅಯುಕ್ತವಾದರೂ 'ಟು' ತೀರ ಬಳಕೆಯಲ್ಲಿದೆಯೆಂದೂ ಒಪ್ಪಿಕೊಂಡನು. ಬಳಕೆಯೇ ಗೆದ್ದಿತು. ಇಂದು 'ಫ್ರಮ್' ಎಂದರೆ ನಗುವವರುಂಟು. ಇಬ್ಬರಿದ್ದರೆ 'ಬಿಟ್ವೀನ್', ಹೆಚ್ಚು ಜನರಿದ್ದರೆ 'ಅಮಂಗ್' ಎಂಬ ನಿಯಮವನ್ನು ಹೇಳಿದ ಅದೇ ಜಾನ್ಸನನು, ಜನರು ಅದನ್ನು ಯಾವಾಗಲೂ ಪಾಲಿಸುವುದಿಲ್ಲವೆಂಬ ಮಾತನ್ನೂ ಸೇರಿಸಿದನು. ಶಾಲಾಪುಸ್ತಕಗಳು ಮೊದಲಿನ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುವು.

ವಾಕ್ಯದ ಕೊನೆಯ ಪ್ರಿಪೊಸಿಷನ್ನಿನ ಮೇಲಿದ್ದ ನಿಷೇಧವನ್ನು ಎಚ್. ಡಬ್ಲ್ಯು. ಫೌಲರ್ ೧೯೨೬ರ ತನ್ನ ಪ್ರಯೋಗಕೋಶದಲ್ಲಿ ಮೂಢನಂಬಿಕೆಯೆಂದು ತಳ್ಳಿಹಾಕಿದನು. ಇದೇ ನಿಷೇಧವನ್ನು ಹಾಸ್ಯಮಾಡಿ ಚರ್ಚಿಲನು ಒಂದು ಕಾಗದದ ಅಂಚಿನಲ್ಲಿ ಬರೆದನೆಂಬ ಮಾತೊಂದು ಎಲ್ಲೆಲ್ಲಿಯೂ ಕೇಳಬರುತ್ತದೆ. ಅದು ಯುದ್ಧಕಾಲದಲ್ಲಿ ಹೆಸರಿಲ್ಲದವನೊಬ್ಬನ ಮಾತಾಗಿ ಹುಟ್ಟಿ ಅನಂತರ ಅವನ ತಲೆಗೆ ಕಟ್ಟಿದ್ದು.

ಈ ಪಟ್ಟಿಗಳು ನಮ್ಮ ದೇಶಕ್ಕೆ ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಬಹುದು. ೧೮೩೫ರಲ್ಲಿ ಮೆಕಾಲೆಯ ಟಿಪ್ಪಣಿ. ೧೮೪೪ರಲ್ಲಿ ಇಂಗ್ಲಿಷ್ ಬಲ್ಲವರಿಗೆ ಸರಕಾರದ ಕೆಲಸದಲ್ಲಿ ಮೊದಲ ಸ್ಥಾನವೆಂದು ಹಾರ್ಡಿಂಜನ ನಿರ್ಣಯ. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು. ಧಾರವಾಡದ ಹುಡುಗನು ಮುಂಬಯಿಯ ಪರೀಕ್ಷೆಗೂ, ಮಂಗಳೂರಿನವನು ಮದರಾಸಿನ ಪರೀಕ್ಷೆಗೂ ಕಟ್ಟಿದನು. ೧೯೧೬ರಲ್ಲಿ ತನ್ನದೇ ವಿಶ್ವವಿದ್ಯಾನಿಲಯವು ಹುಟ್ಟುವವರೆಗೆ ಮೈಸೂರಿನವನ ದಾರಿಯೂ ಮದರಾಸಿಗೆ. ಕನ್ನಡ ನಾಡು ಹಂಚಿಹೋಗಿದ್ದರೂ ಎಲ್ಲರೂ ಉರುಹೊಡೆದ ಪ್ರಿಪೊಸಿಷನ್ನುಗಳು ಒಂದೇ. ಉತ್ತರ ಹಿಂದೂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದ ಜೆ. ಸಿ. ನೆಸ್ಫೀಲ್ಡನ ವ್ಯಾಕರಣವು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮನೆಮನೆಗೂ ಬಂದಿತು. ಅದರ ಪಟ್ಟವನ್ನು ೧೯೩೦ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿಯ ಪುಸ್ತಕವು ಏರಿತು. ಇವರಲ್ಲಿ ಮೊದಲನೆಯವನಾದ ಪಿ. ಸಿ. ರೆನ್ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವನು. ಫ್ರೆಂಚ್ ಸೈನ್ಯದ ಸಾಹಸದ ಕಥೆಯಾದ 'ಬೋ ಜೆಸ್ಟ್' ಕಾದಂಬರಿಯನ್ನು ೧೯೨೪ರಲ್ಲಿ ಬರೆದವನೂ ಇವನೇ. ನಮ್ಮನ್ನು ಇಷ್ಟು ಗೋಳುಗುಟ್ಟಿಸಿದ ಕೈಯಿಂದ ಅಷ್ಟು ರಮ್ಯವಾದ ಕಥೆ ಬಂದಿತೆಂದರೆ ನಂಬುವುದು ಕಷ್ಟ. ನಮ್ಮವರ ತಪ್ಪುಗಳ ಪರೀಕ್ಷೆಗೆಂದೇ ಮುಂಬಯಿಯ ಸಿವಿಲ್ ಅಧಿಕಾರಿಯಾಗಿದ್ದ ಜಿ. ಸಿ. ವಿಟ್‌ವರ್ತ್ ೧೯೦೭ರಲ್ಲಿ 'ಇಂಡಿಯನ್ ಇಂಗ್ಲಿಷ್' ಎಂಬ ಪುಸ್ತಕವನ್ನು ಬರೆದನು.

ನಮ್ಮವರು ಮಾಡುವ ತಪ್ಪುಗಳನ್ನು ಸ್ವಲ್ಪ ನಿಂತು ನೋ್ಡಿದರೆ ಅವು ಅಡ್ಡಾದಿಡ್ಡಿಯಾದುವಲ್ಲವೆಂದು ತಿಳಿಯುವುದು. ಅವನ ಮೇಲೆ ಕೋಪ ಎನ್ನುವವನು 'ಆಂಗ್ರಿ ಆನ್' ಎಂದು ಬರೆಯುತ್ತಾನೆ. ಅದರ ಬಗ್ಗೆ ಚರ್ಚಿಸಿದರು ಎನ್ನುವವನು, ಪ್ರಿಪೊಸಿಷನ್ ಬೇಡದ 'ಡಿಸ್ಕಸ್' ಎಂಬುದಕ್ಕೂ 'ಅಬೌಟ್' ಎಂದು ಒಂದನ್ನು ಹಚ್ಚುತ್ತಾನೆ. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ನಾನು ಕುಳಿತ ಕುರ್ಚಿ, ಅವನು ಬರೆದ ಲೇಖನಿ, ನಾವು ಬಂದ ಊರು ಎಂದು ಕನ್ನಡದಲ್ಲಿ ಹೇಳುವಾಗ ಕುರ್ಚಿಯ ಮೇಲೆ, ಲೇಖನಿಯಿಂದ, ಊರಿಗೆ ಅಥವಾ ಊರಿನಿಂದ ಎಂಬ ಸಂಬಂಧವನ್ನು ಯಾವ ಪ್ರತ್ಯಯವೂ ಹೇಳುವುದಿಲ್ಲ. ಕೃದಂತವು ಅದನ್ನು ನುಂಗಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಮುಂದಾದರೂ ಇಡಬೇಕು, ಡ್ರೈಡನನು ಬೈದರೂ ಹಿಂದಾದರೂ ಇಡಬೇಕು, ಇಡದೆ ಇರುವಂತಿಲ್ಲ. ನಮ್ಮ ಹುಡುಗರು ಎಲ್ಲಿಯೂ ಇಡದೆ ಕೈಬಿಡುತ್ತಾರೆ. ಇದು ಅಜ್ಞಾನವಲ್ಲ, ಕನ್ನಡದ ವ್ಯಾಕರಣವು ಇಂಗ್ಲಿಷ್ ವೇಷದಲ್ಲಿ ನಡೆಯುವುದು. ಇದನ್ನು ಉಪಾಧ್ಯಾಯರು ಒಂದು ದಿನ ಹಲಗೆಯ ಮೇಲೆ ಎರಡು ಭಾಷೆಗಳನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ನೂರು ಬಾರಿ ಬಿಟ್ಟ ಸ್ಥಳವನ್ನು ತುಂಬಿಸುವುದಕ್ಕಿಂತ ಹೆಚ್ಚು ಪ್ರಯೋಜನವಾದೀತು.

ಹೊರಗಿನವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟವಾದುದು ಕ್ರಿಯಾಪದಕ್ಕೆ ಇಂಥ ಚಿಕ್ಕ ಪದಗಳು ಸೇರಿ ಅರ್ಥವನ್ನು ತಿರುಗಿಸುವ ಬಗೆಯೆಂದು ಜಾನ್ಸನನು ನಿಘಂಟಿನ ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾನೆ. ನಮ್ಮ ವೈಯಾಕರಣರು ಇಂಥ ಸಂದರ್ಭದಲ್ಲಿ ಇನ್ನೂ ಉದಾರಿಗಳು. ಮರವನ್ನು ಹತ್ತಿದನು, ಮರಕ್ಕೆ ಹತ್ತಿದನು. ಊರನ್ನು ಸೇರಿದನು, ಊರಿಗೆ ಸೇರಿದನು. ಎರಡನ್ನೂ ಕೇಳಿ, ಒಂದು ವಿಭಕ್ತಿಯ ಸ್ಥಾನದಲ್ಲಿ ಮತ್ತೊಂದು ಬರುವುದಕ್ಕೆ ವಿಭಕ್ತಿಪಲ್ಲಟವೆಂದು ಹೆಸರಿಟ್ಟು ಎರಡನ್ನೂ ಉಳಿಸಿಕೊಂಡರು. ಲೌತನ ಅಡಿಟಿಪ್ಪಣಿಗಳಲ್ಲಿ ಸ್ವಿಫ್ಟನಿಗೆ ಈ ಪಲ್ಲಟದ ಆಶ್ರಯವು ಸಿಕ್ಕಲಿಲ್ಲ.

ಅಜ್ಜನವರ ನೋಟುಪುಸ್ತಕದ ಎರಡನೆಯ ಪುಟದಲ್ಲಿ 'ಅವರ್ಸ್' ಎಂಬ ಶಬ್ದವಿದೆ. ಎದುರಿಗೆ ಕಪ್ಪು ಶಾಯಿಯಲ್ಲಿ 'ಫ್ರಮ್' ಎಂದು ಬರೆದು, ಅದನ್ನು ಹೊಡೆದುಹಾಕಿ, ನೀಲಿ ಶಾಯಿಯಲ್ಲಿ 'ಟು' ಎಂದು ಬರೆದಿದೆ. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಯ ಚಿಹ್ನೆಯುಂಟು.